ಬೆರಳು ಮಡಚದ ಆ ಬೆಳಗು

ಚಳಿಗಾಲ. ಬೆಳಗಿನ ಜಾವ ಬೈಕಿನಲ್ಲಿ ಘಾಟಿ ಇಳಿಯುತ್ತಿದ್ದೆ. ತಿರುವು ದಾಟುತ್ತಲೇ ರಸ್ತೆ ನಡುವೆ ಕಲ್ಲೊಂದು ಉರುಳಿ ಬಿದ್ದಿತ್ತು. ಮುಂದಿನ ಬ್ರೇಕ್ ಹಿಡಿಯಲು ಹೋದೆ, ಬೆರಳು ಮಡಚಲೇ ಇಲ್ಲ. ಹಿಂದಿನ ಬ್ರೇಕ್ ತುಳಿದು, ಗಾಡಿ ವಾಲಿಸಿ, ಕಲ್ಲಿನ ಪಕ್ಕದಲ್ಲೇ ಹಾದುಹೋದೆ. ಎದೆ ಎಷ್ಟೋ ಹೊತ್ತು ಹೊಡೆದುಕೊಳ್ಳುತ್ತಿತ್ತು.

ಆವತ್ತು ಇದ್ದದ್ದು 10 ಡಿಗ್ರಿ. ನಿಂತಿದ್ದರೆ ಅದೇನೂ ಭಾರಿ ಚಳಿಯಲ್ಲ. ಆದರೆ ಘಾಟಿಗೆ ಮುಂಚೆ ಒಂದು ಗಂಟೆ ನೇರ ರಸ್ತೆಯಲ್ಲಿ 80ರ ವೇಗದಲ್ಲಿ ಓಡಿಸಿದ್ದೆ. ಆ ಗಾಳಿಗೆ 10 ಡಿಗ್ರಿ ಮೈಗೆ ಸುಮಾರು 4 ಡಿಗ್ರಿಯ ಹಾಗೆ ತಟ್ಟುತ್ತದೆ. ನನ್ನ ಕೈಯಲ್ಲಿದ್ದದ್ದು ಬಯಲಿಗೆ ಸಾಕಾಗುವ ತೆಳು ಗ್ಲೌಸ್. ಈಗ ಇಳಿಜಾರು ಶುರುವಾಗುವ ಮೊದಲು ಗಾಡಿ ನಿಲ್ಲಿಸುತ್ತೇನೆ. ಹೆಬ್ಬೆರಳಿಗೆ ಕಿರುಬೆರಳು ಮುಟ್ಟಿಸಿ ನೋಡುತ್ತೇನೆ. ಮುಟ್ಟದಿದ್ದರೆ ಕೈ ಬೆಚ್ಚಗಾಗುವವರೆಗೆ ಹೊರಡುವುದಿಲ್ಲ. ಟೈರಿನ ಗಾಳಿಯನ್ನೂ ಅಲ್ಲೇ ನೋಡುವುದು ಒಳ್ಳೆಯದು. ಹತ್ತು ಡಿಗ್ರಿ ತಂಪಾದರೆ ಸುಮಾರು 1.5 ಪಿಎಸ್‌ಐ ಇಳಿದಿರುತ್ತದೆ.

ಹಿಮ ಬೀಳುವ ಕಡೆ ಈ ಲೆಕ್ಕವೂ ಸಾಲದು. ಸೇತುವೆಯ ಅಡಿಯಿಂದಲೂ ಗಾಳಿ ಹಾಯುವುದರಿಂದ ಬೇರೆ ರಸ್ತೆಗಿಂತ ಅದೇ ಮೊದಲು ಹೆಪ್ಪುಗಟ್ಟುತ್ತದೆ. ನೋಡಲು ಸುಮ್ನೆ ಒದ್ದೆಯಾದಂತೆ ಇರುತ್ತದೆ, ಅಷ್ಟೇ. ಇಟಲಿಯ ಸ್ಟೆಲ್ವಿಯೋದಂಥ 2,757 ಮೀಟರ್ ಎತ್ತರದ ದಾರಿಯನ್ನು ಚಳಿಗಾಲದಲ್ಲಿ ಮುಚ್ಚಿಯೇ ಬಿಡುತ್ತಾರೆ.

ಬೇಸಿಗೆಯಲ್ಲಿ ನಾನು ಬಹಳ ದಿನ ತಪ್ಪು ಮಾಡಿದ್ದೆ. ಸೆಕೆ ಅಂತ ಜಾಕೆಟ್ ಬಿಚ್ಚಿ, ಟೀ ಶರ್ಟಿನಲ್ಲೇ ಓಡಿಸುತ್ತಿದ್ದೆ. 40 ಡಿಗ್ರಿಯ ಒಣ ಬಯಲಿನಲ್ಲಿ ಬೀಸುವ ಗಾಳಿ ಚರ್ಮಕ್ಕಿಂತ ಬಿಸಿ. ಬರಿ ಮೈಗೆ ತಾಕಿದರೆ ಬೆವರು ಕಾಣುವ ಮೊದಲೇ ಆರುತ್ತದೆ, ಮೈಯ ನೀರು ಹೋಗುತ್ತಿರುವುದು ಗೊತ್ತೇ ಆಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆ ಮಂಕಾಗಿ ಒಂದು ತಿರುವನ್ನೇ ತಪ್ಪಿಸಿಕೊಂಡಿದ್ದೆ. ಈಗ ಒಳಗೆ ಒದ್ದೆ ಬನಿಯನ್, ಮೇಲೆ ಮುಚ್ಚಿದ ಜಾಕೆಟ್, ಗಂಟೆಗೊಮ್ಮೆ ನೀರು. ಒಣ ಸೀಮೆಯಲ್ಲಿ ಇದರಿಂದ ನಿಜಕ್ಕೂ ತಂಪಾಗುತ್ತದೆ. ಕರಾವಳಿಗೆ ಬಂದು ಅದನ್ನೇ ಮಾಡಿದೆ, ಬನಿಯನ್ ಸಂಜೆವರೆಗೂ ಆರಲಿಲ್ಲ! ಗಾಳಿಯಲ್ಲೇ ಅಷ್ಟು ತೇವ ಇರುವಾಗ ನೀರು ಆವಿಯಾಗುವುದಾದರೂ ಹೇಗೆ, ಅಲ್ವಾ? ಅಲ್ಲಿ ಜಾಲರಿ ಜಾಕೆಟ್ಟೇ ವಾಸಿ. ಬೆಳಿಗ್ಗೆ ಬೇಗ ಹೊರಟರೆ ಇನ್ನೂ ಒಳ್ಳೆಯದು.

ಮಳೆ ಅಂದರೆ ನನಗೆ ಇಷ್ಟ, ಆದರೆ ಮೊದಲ ಮಳೆಗೆ ಭಯ. ತಿಂಗಳುಗಟ್ಟಲೆ ಒಣಗಿದ ರಸ್ತೆಯಲ್ಲಿ ಎಣ್ಣೆ, ದೂಳು, ಟೈರಿನ ಪುಡಿ ಕೂತಿರುತ್ತದೆ. ನಾಲ್ಕು ಹನಿ ಬಿದ್ದರೆ ಎಲ್ಲ ಸೇರಿ ಸೋಪಿನಂತೆ ಜಾರುತ್ತದೆ. ಸಿಗ್ನಲ್ ಹತ್ತಿರ ಜಾಸ್ತಿ, ಗಾಡಿಗಳು ನಿಂತು ಎಣ್ಣೆ ತೊಟ್ಟಿಕ್ಕುವುದು ಅಲ್ಲೇ. ನಾನು ಬಿದ್ದದ್ದೂ ಅಂಥದೇ ಜಾಗದಲ್ಲಿ, ನಡೆದಷ್ಟೇ ವೇಗದಲ್ಲಿ, ಬಿಳಿ ಪಟ್ಟೆಯ ಮೇಲೆ ಬ್ರೇಕ್ ಹಿಡಿದು. ಮೊಣಕೈ ವಾಸಿಯಾಗಲು ಮೂರು ವಾರ ಬೇಕಾಯಿತು.

ಅಂದಿನಿಂದ ಜಿಟಿಜಿಟಿ ಶುರುವಾದರೆ ಎಲ್ಲಾದರೂ ಪಕ್ಕಕ್ಕೆ ನಿಲ್ಲುತ್ತೇನೆ. ಮಳೆ ಜೋರಾಗಿ ಹೊಯ್ದು, ರಸ್ತೆ ತೊಳೆದು ಹೋದ ಮೇಲೆ ಹೊರಡುತ್ತೇನೆ.