ಆಟಿ ಮದ್ದು ಮತ್ತು ಹೆಬ್ಬೆರಳು

ಲ್ಯಾಬಿನ ಹುಡುಗಿ ಬಾಟಲಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ಬಾಟಲಿ ನೋಡಿದಳು. "ಸಾರ್, ರಕ್ತ ಹೋಗ್ತಿದೆ ಅನ್ಸುತ್ತೆ. ಕೂತಿರಿ, ಡಾಕ್ಟರನ್ನ ಕರೀತೀನಿ" ಎಂದು ಓಡಿದಳು. ದಾವಣಗೆರೆ ಕಡೆಯವಳು, ಮಡಿಕೇರಿಗೆ ಬಂದು ಎರಡೇ ತಿಂಗಳು. ಅವತ್ತು ಆಗಸ್ಟ್ 4. ಕೊಡಗಿನವರಿಗೆ ತಾರೀಕು ಹೇಳಿದರೆ ಸಾಕು, ವಿಷಯ ಗೊತ್ತಾಗುತ್ತದೆ.

ಹಿಂದಿನ ದಿನ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ನಮ್ಮ ಅರೆಭಾಷೆ ಮನೆಗಳಲ್ಲಿ ಆಟಿ ಹದಿನೆಂಟು ಅಂತೀವಿ. ಮದ್ದು ಸೊಪ್ಪು ಬೇಯಿಸಿದರೆ ನೀರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡುತ್ತಾರೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆ ಔಷಧಿ ಸೇರಿರುತ್ತದೆ ಎಂದು ನಂಬಿಕೆ. ತಿಂದ ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಚಿಕ್ಕವರಿದ್ದಾಗ ಯಾರದ್ದು ಜಾಸ್ತಿ ಕೆಂಪು ಅಂತ ಗದ್ದೆ ಬದುವಿನ ಮೇಲೆ ಪಂದ್ಯ ಕಟ್ಟುತ್ತಿದ್ದೆವು.

ಡಾಕ್ಟರ್ ಬಾಟಲಿ ನೋಡಿದ್ದೇ ನಕ್ಕರು. "ಪಾಯಸ ಎಷ್ಟು ಲೋಟ ಗೌಡ್ರೇ?"

"ಪಾಯಸ ಅಲ್ಲ ಡಾಕ್ಟ್ರೇ, ಬರೀ ಸೊಪ್ಪಿನ ನೀರು. ನಾನು ಅನ್ನ, ಬೆಲ್ಲ ಬಿಟ್ಟಿದ್ದೀನಿ."

ಅವರ ನಗು ಅಲ್ಲಿಗೇ ನಿಂತಿತು.

ನಾನು ಹೋಗಿದ್ದು ಮೂತ್ರದ ಬಣ್ಣಕ್ಕಲ್ಲ, ಬಲಗಾಲಿನ ಹೆಬ್ಬೆರಳಿಗೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಯಾರೋ ಬೆರಳಿನ ಬುಡಕ್ಕೆ ಕೆಂಡ ಕಟ್ಟಿದ ಹಾಗಿತ್ತು. ಕೆಂಪಗೆ ಊದಿ ಹೊಳೆಯುತ್ತಿತ್ತು. ಆಟಿ ಚಳಿಯಲ್ಲಿ ಕಂಬಳಿ ಬೇಕೇ ಬೇಕು, ಆದರೆ ಕಂಬಳಿಯ ಅಂಚು ತಾಗಿದರೂ ಜೀವ ಹೋಗುತ್ತಿತ್ತು. ಒಂದು ಕಾಲು ಹೊರಗೆ ಹಾಕಿಕೊಂಡೇ ಬೆಳಗು ಮಾಡಿದೆ. ಮಾದಾಪುರದಿಂದ ಹಟ್ಟಿಹೊಳೆ, ಮಕ್ಕಂದೂರು ದಾಟಿ ಮಡಿಕೇರಿಗೆ ಹೋಗಬೇಕು. 2018ರ ಗುಡ್ಡ ಕುಸಿತ ಕಂಡವರು ಮಳೆಗಾಲದಲ್ಲಿ ಆ ರಸ್ತೆಗೆ ಸುಮ್ನೆ ಇಳಿಯುವುದಿಲ್ಲ. ಆ ಮಳೆಯಲ್ಲೂ ಹೋದೆ ಅಂದರೆ ನೋವು ಎಷ್ಟಿತ್ತು ಅಂತ ಲೆಕ್ಕ ಹಾಕಿ.

ಇದಕ್ಕೆಲ್ಲ ಕಾರಣ ಬೆಂಗಳೂರಿನಿಂದ ಬಂದಿದ್ದ ನನ್ನ ಅಕ್ಕನ ಮಗ. ಜಿಮ್ಮಿಗೆ ಹೋಗುವವನು. "ಮಾವ, ಅಕ್ಕಿಯೇ ನಿಮ್ಮ ಶತ್ರು" ಅಂದ. ನನ್ನ ತೂಕ 86 ಕೆಜಿ. ಮಾತು ನಾಟಿತು. ಆದರೆ ಕೊಡಗಿನಲ್ಲಿ ಅಕ್ಕಿ ಬಿಡುವುದು ಅಂದರೆ ಏನು ಬಿಟ್ಟ ಹಾಗೆ ಗೊತ್ತಾ? ಅಕ್ಕಿ ರೊಟ್ಟಿ, ಕಡಂಬುಟ್ಟು, ನೂಪುಟ್ಟು, ಪಾಪುಟ್ಟು, ಎಲ್ಲವೂ ಹೋಯಿತು. ಬೆಳಿಗ್ಗೆ ಆರು ಮೊಟ್ಟೆ, ಮಧ್ಯಾಹ್ನ ಕೋಳಿ, ರಾತ್ರಿ ಹಂದಿ ಮಾಂಸ, ನಡುವೆ ಎರಡು ಸಲ ಪ್ರೋಟೀನ್ ಪುಡಿ. ಕಣಿಲೆ (ಎಳೆ ಬಿದಿರು), ಕೆಸುವಿನ ಸೊಪ್ಪು, ಅಣಬೆ ಎಲ್ಲ ಸಿಗುವ ಕಾಲದಲ್ಲಿ ನಾನು ಡಬ್ಬದ ಪುಡಿ ಕಲಕುತ್ತಾ ಕೂತಿದ್ದೆ.

ಎಂಟು ದಿನಕ್ಕೆ ನಾಲ್ಕು ಕೆಜಿ ಇಳಿಯಿತು. ಊರಿಗೆಲ್ಲ ಹೇಳಿಕೊಂಡು ಬಂದೆ. ಹೊಟ್ಟೆ ಕಟ್ಟಿಕೊಂಡಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಮಾಂಸ, ಮೊಟ್ಟೆಯಲ್ಲಿ ನಾರು ಅನ್ನುವುದೇ ಇಲ್ಲ, ಹೊಟ್ಟೆ ಹೇಗೆ ಸಡಿಲವಾಗಬೇಕು? ಬಾಯಿ ಉಗುರು ಬಣ್ಣ ಒರೆಸುವ ಎಣ್ಣೆಯ ಹಾಗೆ ನಾರುತ್ತದೆ ಎಂದು ಹೆಂಡತಿ ಮಂಚದ ಆ ಕಡೆಗೆ ತಲೆ ಹಾಕಿ ಮಲಗತೊಡಗಿದಳು.

"ನಾಲ್ಕು ಕೆಜಿಯಲ್ಲಿ ಜಾಸ್ತಿ ಪಾಲು ನೀರು" ಅಂದರು ಡಾಕ್ಟರ್. ದೇಹ ಕೂಡಿಟ್ಟ ಸಕ್ಕರೆಯ ಒಂದೊಂದು ಗ್ರಾಮಿನ ಜೊತೆ ಮೂರು ಗ್ರಾಮಿನಷ್ಟು ನೀರು ಇರುತ್ತದಂತೆ. ಅನ್ನ ಬಿಟ್ಟರೆ ಮೊದಲು ಖರ್ಚಾಗುವುದು ಅದೇ. ಆಮೇಲೆ ಕೊಬ್ಬು ಕರಗಿ ಕೀಟೋನ್ ಹುಟ್ಟುತ್ತದೆ, ಬಾಯಿಯ ವಾಸನೆ ಅದರದ್ದು. ಅದೇ ಕೀಟೋನ್ ಯೂರಿಕ್ ಆಸಿಡ್ ಹೊರಗೆ ಹೋಗಲು ಬಿಡುವುದಿಲ್ಲ. ಮಾಂಸದಿಂದ ಇನ್ನಷ್ಟು ಯೂರಿಕ್ ಆಸಿಡ್ ಸೇರುತ್ತದೆ, ಅದು ಹರಳು ಕಟ್ಟಿ ಕೀಲಿನಲ್ಲಿ ಕೂರುತ್ತದೆ. ಗೌಟ್ ಅನ್ನುವುದು ಇದಕ್ಕೇ. ಚಳಿ ಅಂತ ನಾನು ನೀರನ್ನೂ ಸರಿಯಾಗಿ ಕುಡಿದಿರಲಿಲ್ಲ. ಗಂಡಸರಿಗೆ 7ರ ಒಳಗೆ ಇರಬೇಕಾದ ಯೂರಿಕ್ ಆಸಿಡ್ ನನಗೆ 9.1 ಬಂತು. ಈ ವಿಷಯದಲ್ಲಿ ಮೊಟ್ಟೆಯದ್ದಾಗಲಿ ಪುಡಿಯದ್ದಾಗಲಿ ಅಂಥ ತಪ್ಪಿಲ್ಲವಂತೆ. ಅವನ್ನೂ ಬೈದುಕೊಂಡಿದ್ದೆ, ಪಾಪ.

ದಿನಕ್ಕೆ ಎಷ್ಟು ಪ್ರೋಟೀನ್ ಬೇಕು ಅಂತ ಕೇಳಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ಕೆಜಿ ತೂಕಕ್ಕೆ 0.83 ಗ್ರಾಂ. ನನಗೆ ಸುಮಾರು 70 ಸಾಕು, ನಾನು ತಿನ್ನುತ್ತಿದ್ದದ್ದು ಹತ್ತಿರ ಹತ್ತಿರ 200. ಕಿಡ್ನಿ ಚೆನ್ನಾಗಿದ್ದದ್ದು ಪುಣ್ಯ. ಮೊದಲೇ ಸೊರಗಿದ ಕಿಡ್ನಿಯಾಗಿದ್ದರೆ ಆ ಹೊರೆ ತಡೆಯುವುದಿಲ್ಲ ಅಂದರು.

ಹೊರಗೆ ಬೆಂಚಿನ ಮೇಲೆ ಶನಿವಾರಸಂತೆಯ ನನ್ನ ಹಳೇ ಗೆಳೆಯ ಕೂತಿದ್ದ. ಲಿಂಗಾಯತರ ಹುಡುಗ, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟಿಲ್ಲ. ನನ್ನ ಕಾಲು ನೋಡಿ, "ಹಂದಿ ಒದೆಯಿತಾ ಮಾರಾಯ?" ಅಂದ. ಅವನು ಬಂದಿದ್ದು ಶುಗರ್ ತೋರಿಸಲು. ಮೂರು ಹೊತ್ತೂ ಅನ್ನ, ರೊಟ್ಟಿ, ಮೇಲೆ ಬೆಲ್ಲದ ಕಾಫಿ. ಪಾದ ಜುಮ್ಮೆನ್ನುತ್ತದೆ ಎಂದು ಪರೀಕ್ಷೆ ಮಾಡಿಸಿದರೆ ಬಿ12 ಕಮ್ಮಿ. ಅದು ಸೊಪ್ಪು, ಕಾಳಿನಲ್ಲಿ ಸಿಗುವುದಿಲ್ಲ. ಶುಗರಿಗೆ ನುಂಗುವ ಮೆಟ್‌ಫಾರ್ಮಿನ್ ಕೂಡ ಅದನ್ನು ಇಳಿಸುತ್ತದಂತೆ. ಸಸ್ಯಾಹಾರಿ ಅಂದ ಕೂಡಲೇ ಬಚಾವ್ ಅಂತೇನಿಲ್ಲ ಅಲ್ವಾ? ಕೈ ಹಿಡಿಯುವುದು ಕಾಳು, ಸೊಪ್ಪು, ತರಕಾರಿ. ಅದನ್ನು ಅವನೂ ತಿನ್ನುತ್ತಿರಲಿಲ್ಲ, ನಾನೂ ತಿನ್ನುತ್ತಿರಲಿಲ್ಲ.

ನನ್ನ ನಾಲ್ಕು ಕೆಜಿ ಕಥೆ ಕೇಳಿ ತಾನೂ ಅನ್ನ ಬಿಡುವ ಯೋಚನೆಯಲ್ಲಿದ್ದ. ಡಾಕ್ಟರ್ ಗದರಿದರು. ಶುಗರ್ ಮಾತ್ರೆ ನುಂಗುತ್ತಾ ಒಮ್ಮೆಲೇ ಅನ್ನ ನಿಲ್ಲಿಸಿದರೆ ಕೆಲವರಿಗೆ ಶುಗರ್ ಕುಸಿದು ತಲೆ ತಿರುಗಿ ಬೀಳುತ್ತಾರೆ. 'ಗ್ಲಿಫ್ಲೋಜಿನ್' ಅಂತ ಹೆಸರು ಮುಗಿಯುವ ಮಾತ್ರೆಯವರಿಗೆ ರಕ್ತವೇ ಆಮ್ಲವಾಗಿ ಪ್ರಾಣಕ್ಕೆ ಬರಬಹುದು. ಗೆಳೆಯ ಜೇಬಿನಿಂದ ಚೀಟಿ ತೆಗೆದು ತನ್ನ ಮಾತ್ರೆಯ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ. ಅದರ ಕೊನೆಯೂ ಹಾಗೇ ಇತ್ತು. ಆಮೇಲೆ ಹಂದಿಯ ಮಾತು ಎತ್ತಲಿಲ್ಲ.

ಮನೆಗೆ ಬಂದಾಗ ಅಮ್ಮ ಉಳಿದ ಮದ್ದು ಪಾಯಸ ಬಿಸಿ ಮಾಡುತ್ತಿದ್ದಳು. "ಅಕ್ಕಿ, ಬೆಲ್ಲ ಬಿಟ್ಟು ಬರೀ ನೀರು ಕುಡಿದೆಯಲ್ಲ, ಅದಕ್ಕೇ ಹೀಗಾಗಿದ್ದು" ಅಂದಳು. ವಾದ ಮಾಡುವ ಶಕ್ತಿ ಇರಲಿಲ್ಲ. ಒಂದು ಲೋಟ ತಿಂದೆ.

ಸೆಪ್ಟೆಂಬರ್ 3ಕ್ಕೆ ಕೈಲ್ಪೊಳ್ದ್, ಕೊಡವರ ಆಯುಧ ಪೂಜೆಯ ಹಬ್ಬ. ಪ್ರತಿ ವರ್ಷದ ಹಾಗೆ ಕೊಡವ ಗೆಳೆಯನ ಮನೆಯಿಂದ ಊಟಕ್ಕೆ ಕರೆ ಬಂತು. ಕಾಚಂಪುಳಿ ಅನ್ನುವ ಹುಳಿ ಹಾಕಿದ ಕಪ್ಪು ಪಂದಿಕರಿಯ (ಹಂದಿ ಮಾಂಸದ ಸಾರು) ಪಾತ್ರೆ ಹಿಡಿದು ಅವನ ಅಮ್ಮ ಬಂದರು. "ಎರಡೇ ತುಂಡು ಸಾಕು ಆಂಟಿ, ಕಣಿಲೆ ಜಾಸ್ತಿ ಹಾಕಿ" ಅಂದೆ. ಅವರು ನನ್ನ ಮುಖ ನೋಡಿದರು, ಚಪ್ಪಲಿಯೊಳಗಿನ ಹೆಬ್ಬೆರಳು ನೋಡಿದರು. ಎರಡೇ ತುಂಡು ಹಾಕಿದರು. ಕಡಂಬುಟ್ಟು ಮಾತ್ರ ಕೇಳದೆಯೇ ನಾಲ್ಕು ಇಟ್ಟು ಮುಂದೆ ಹೋದರು.