ಸೋಲಿಗರ ಎಲ್ಲೆ ನಕ್ಷೆ: ಮೂರನೇ ಕರಡು ಎಲ್ಲಿಗೆ ಬಂತು

ಎರಡನೇ ಕರಡಿನಲ್ಲಿದ್ದ ಗಡಿಗೆರೆಗಳನ್ನೆಲ್ಲ ಈ ಸಲ ಅಳಿಸಿ ಹಾಕಿದ್ದೇವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಎಲ್ಲೆ ಎಂದರೆ ಒಂದು ಕುಲಕ್ಕೆ ಸೇರಿದ ಕಾಡಿನ ಭಾಗ. ಅದನ್ನು ಗುರುತಿಸುವುದು ಒಳಗಿರುವ ತಾಣಗಳಿಂದ: ದೇವರು, ಮಾರಮ್ಮ, ವೀರು ಎಂಬ ದೈವಗಳ ನೆಲೆ, ಕಲ್ಲುಗುಡಿ (ತೀರಿಹೋದವರ ಕಲ್ಲು), ಅಬ್ಬಿ (ನೀರಿನ ಸೆಲೆ). ಸುತ್ತ ಗೆರೆ ಎಳೆದ ಕೂಡಲೇ ಅದು ಸರ್ವೆ ನಂಬರಿನಂತೆ ಕಾಣುತ್ತದೆ. ಅಂಚಿನ ಅಬ್ಬಿ ಯಾರ ಕಡೆಗೆ ಎಂಬ ಇಲ್ಲದ ಜಗಳ ಹುಟ್ಟುತ್ತದೆ. ಈಗ ಗೆರೆಯ ಬದಲು ಎಲ್ಲೆಯ ಹೆಸರನ್ನೇ ಆ ಭಾಗದ ಉದ್ದಕ್ಕೂ ಹರಡಿದ್ದೇವೆ. ಇದಕ್ಕೆ ಅಕ್ಷರದ ಅಂತರ ಹಿಗ್ಗಿಸುವ ಸೆಟ್ಟಿಂಗ್ ನೆಚ್ಚಬೇಡಿ, ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಒತ್ತು ಸಮೇತ ಒಂದೊಂದು ಅಕ್ಷರವನ್ನೂ ಬಿಡಿಸಿ, ನಡುವೆ ಖಾಲಿ ಜಾಗ ಟೈಪ್ ಮಾಡಿದರೆ ಸರಿಹೋಗುತ್ತದೆ. ಪಿಡಿಎಫ್ ತೆಗೆಯುವಾಗ ಅಕ್ಷರಗಳನ್ನು ಔಟ್‌ಲೈನ್ ಮಾಡಿಯೇ (ಫಾಂಟ್ ಬೇಡದ ಆಕಾರಗಳಾಗಿ ಬದಲಿಸಿಯೇ) ಮುದ್ರಣಕ್ಕೆ ಕಳಿಸಿ.

ಬಿಂದು ಗುರುತಿಸುವುದು: ದಟ್ಟ ಮರದಡಿ ಜಿಪಿಎಸ್ 10-15 ಮೀಟರ್ ತಪ್ಪುವುದು ಮಾಮೂಲು. ಎರಡು ಮೂರು ನಿಮಿಷ ನಿಂತು ಸರಾಸರಿ ತೆಗೆದುಕೊಳ್ಳಿ. ಫೋನ್ ತೋರಿಸುವ ಎತ್ತರ ಬೇಡ, ಬಾಹ್ಯಾಕಾಶದಿಂದ ರೇಡಾರಿನಲ್ಲಿ ಅಳೆದ 30 ಮೀಟರಿನ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶದಿಂದ ಪಡೆಯಿರಿ. ದೂರ ಅಳೆಯುವ ಮೊದಲು ಬಿಂದುಗಳನ್ನು ಯುಟಿಎಂ 43ಎನ್‌ಗೆ (ಮೀಟರಿನಲ್ಲಿ ಅಳೆಯುವ ನಿರ್ದೇಶಾಂಕ ಪದ್ಧತಿ) ಬದಲಿಸಿಕೊಳ್ಳಿ. ಕಡತವನ್ನು ಶೇಪ್‌ಫೈಲ್ ಆಗಿ ಉಳಿಸಿದರೆ ಎನ್‌ಕೋಡಿಂಗ್ ತಪ್ಪಿ ಕನ್ನಡದ ಹೆಸರುಗಳು ಪ್ರಶ್ನೆ ಚಿಹ್ನೆಗಳಾಗಿಬಿಡಬಹುದು, ಜಿಯೋಪ್ಯಾಕೇಜ್ ಎಂಬ ಕಡತದ ರೂಪ ಬಳಸಿ.

ಹೆಚ್ಚು ಹೊತ್ತು ತಿಂದದ್ದು ಏನನ್ನು ತೋರಿಸಬಾರದು ಎಂಬ ಪ್ರಶ್ನೆ. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಹಾಗಾಗಿ ಪೋಡಿನ (ಸೋಲಿಗರ ಹಾಡಿಯ) ಸಭೆಗೆ ನಿಖರ ಬಿಂದುಗಳಿರುವ ನಕ್ಷೆ ಬೇಕೇ ಬೇಕು. ಹೊರಗಿನವರಿಗೆ ಬೇಡ. ಅವರ ನಕ್ಷೆಯಲ್ಲಿ ನಿಖರ ಜಾಗ ಮರೆಮಾಡಲು ಮೊದಲು ಬಿಂದುಗಳನ್ನು ಅಲ್ಲಿಂದಿಲ್ಲಿಗೆ ಸರಿಸಿ ನೋಡಿದೆವು. ಒಂದು ಕಲ್ಲುಗುಡಿ ಬೆಟ್ಟದ ಏಣಿನ ಆಚೆ ಬೇರೆ ಎಲ್ಲೆಗೆ ಹೋಗಿ ಕೂತಿತು. ತೀರಿಹೋದವರ ಕಲ್ಲನ್ನು ಮತ್ತೊಂದು ಕುಲದ ನೆಲದಲ್ಲಿ ತೋರಿಸುವುದು ಬರೀ ತಾಂತ್ರಿಕ ತಪ್ಪಲ್ಲ. ಆ ವಿಧಾನ ಕೈಬಿಟ್ಟು 2 ಕಿಮೀ ಚೌಕಗಳಿಗೆ ಬಂದೆವು: ಚೌಕದಲ್ಲಿ ಯಾವ ಬಗೆಯ ತಾಣ ಇದೆ ಎಂದಷ್ಟೇ ಚಿಹ್ನೆ, ಎಣಿಕೆ ಇಲ್ಲ. 1:75,000 ಅಳತೆಯಲ್ಲಿ ಇಡೀ ಕಾಡು ಒಂದು ಎ1 ಹಾಳೆಯಲ್ಲಿ ಕೂರುತ್ತದೆ, ಚೌಕದ ಬದಿ ಸುಮಾರು 27 ಮಿಮೀ. 4 ಮಿಮೀ ಅಗಲದ ಐದು ಚಿಹ್ನೆ, ನಡುವೆ 1 ಮಿಮೀ: 24 ಮಿಮೀ, ಸಾಕು. ಹಳೆಯ ಸಂಪಿಗೆ ಮರವಿರುವ ದೊಡ್ಡ ಸಂಪಿಗೆ ಎಲ್ಲರಿಗೂ ಗೊತ್ತಿರುವ ಜಾಗ, ಅದಕ್ಕೆ ಹೆಸರು ಹಾಕಿದ್ದೇವೆ. ಹಂಚುವ ಫೋಟೊಗಳ ಒಳಗೂ ಜಿಪಿಎಸ್ ಬಿಂದು ಅಡಗಿರುತ್ತದೆ; ಅಳಿಸದಿದ್ದರೆ ಚೌಕ ಹಾಕಿದ್ದೂ ವ್ಯರ್ಥ.

ನಕ್ಷೆಯ ಕತೆಯ ಪದರದಲ್ಲಿ ಎರಡು ಬಗೆಯ ಗೆರೆಗಳಿವೆ: ನಂಟು ಮತ್ತು ದಾರಿ. ಕತೆಯಲ್ಲಿ ಬೆಟ್ಟದ ದೇವರಾದ ರಂಗಯ್ಯ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾಗಿ ಅವರಿಗೆ ಭಾವನಾದ. ಇದು ನಂಟು, ನಡೆದ ದಾರಿಯಲ್ಲ. ಎರಡನ್ನೂ ಒಂದೇ ನೇರ ಗೆರೆಯಲ್ಲಿ ತೋರಿಸಿದ್ದ ಕರಡಿನಲ್ಲಿ ನಂಟೂ ಕಾಲುದಾರಿಯಂತೆ ಕಂಡಿತು. ಈಗ ನಂಟಿಗೆ ಬಾಣವಿಲ್ಲದ ತೆಳು ಕಮಾನು. ದಾರಿಗೆ ಏಣು-ಹಳ್ಳಗಳ ಜಾಡು ಹಿಡಿದ ಚುಕ್ಕಿಗೆರೆ. ಹಾಡಿನ ಧ್ವನಿಮುದ್ರಣ ಸೇರಿಸುವುದಾದರೆ ಹಾಡಿದವರ ಮತ್ತು ಕುಲದ ಯಜಮಾನರ ಒಪ್ಪಿಗೆಯನ್ನು ದತ್ತಾಂಶ ಪಟ್ಟಿಯಲ್ಲಿ ಆ ಹಾಡಿನ ಸಾಲಿನದೇ ಬೇರೆ ಕಾಲಂನಲ್ಲಿ ದಾಖಲಿಸಿ. ಆ ಕಾಲಂ ಖಾಲಿ ಇದ್ದ ಕಡೆ ಹೊರಗಿನ ನಕ್ಷೆಯಲ್ಲಿ ಹಾಡು ತೆರೆಯುವುದಿಲ್ಲ.

ಉಳಿದಿರುವುದು ಅಬ್ಬಿಗಳ ಕೆಲಸ. ಬೇಸಿಗೆಯಲ್ಲಿ ಬತ್ತುವುದಕ್ಕೆ ಟೊಳ್ಳು ಚಿಹ್ನೆ, ವರ್ಷವಿಡೀ ಜಿನುಗುವುದಕ್ಕೆ ತುಂಬಿದ ಚಿಹ್ನೆ. ಮಳೆಗಾಲದಲ್ಲಿ ನೋಡಿ ಇದನ್ನು ತೀರ್ಮಾನಿಸಲಾಗದು, ಏಪ್ರಿಲ್‌ನಲ್ಲಿ ಮತ್ತೊಂದು ಸುತ್ತು ಹೋಗಬೇಕು.