ಮ್ಯಾಪ್ ಪೂರ್ತಿ ಹಸಿರು, ನವಲಗುಂದ ಮಾತ್ರ ಬಂದ್

ಹುಬ್ಬಳ್ಳಿಯಲ್ಲಿ ಒಂದು ಸಹಕಾರಿ ಸಂಘದ ಮುಖ್ಯ ಕಚೇರಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ಧಾರವಾಡ, ನವಲಗುಂದ, ಅಣ್ಣಿಗೇರಿ, ಗದಗ, ಲಕ್ಷ್ಮೇಶ್ವರ, ಹಾವೇರಿ, ಬ್ಯಾಡಗಿ, ಹೀಗೆ ಸುತ್ತಮುತ್ತ ಶಾಖೆಗಳಿವೆ. ಗೋಡೆಯ ಟಿವಿಯಲ್ಲಿ ಎಲ್ಲಾ ಶಾಖೆಗಳೂ ಚುಕ್ಕೆಗಳಾಗಿ ಕಾಣುತ್ತವೆ. ಹಸಿರಿದ್ದರೆ ಚಿಂತೆ ಇಲ್ಲ, ಕೆಂಪಾದರೆ ಫೋನ್ ಎತ್ತಬೇಕು. ಹೊಸದಾಗಿ ಸೇರುವ ಹುಡುಗ ಹುಡುಗಿಯರು ಇದನ್ನು ಮೊದಲ ದಿನವೇ ಕಲಿತುಬಿಡುತ್ತಾರೆ. ಆಮೇಲೆ ಬಹಳ ಮಂದಿ ಅಲ್ಲೇ ನಿಂತುಬಿಡುತ್ತಾರೆ, ಅದೇ ತಾಪತ್ರಯ.

ಹಸಿರು ಚುಕ್ಕೆ ಹೇಳೋದು ಇಷ್ಟೇ: ಕೊನೇ ಸಲ ಕೇಳಿದಾಗ ಆ ಕಡೆಯಿಂದ ಉತ್ತರ ಬಂದಿತ್ತು. ಎರಡು ಪ್ರಶ್ನೆಗಳ ನಡುವೆ ಅಲ್ಲಿ ಏನಾಯಿತು ಅನ್ನೋದು ಅದಕ್ಕೆ ಗೊತ್ತಿಲ್ಲ. ಗೊತ್ತಿದೆ ಅಂತ ಅದು ಹೇಳಿಕೊಂಡೂ ಇಲ್ಲ. ನಾವೇ ಹಾಗೆ ಅಂದುಕೊಳ್ಳುತ್ತೇವೆ.

ನವಲಗುಂದ ಶಾಖೆಯ ಮ್ಯಾನೇಜರ್ ಮೇಡಂ ಮಳೆಗಾಲ ಶುರುವಾದಾಗಿನಿಂದ ಫೋನ್ ಮಾಡುತ್ತಿದ್ದರು. "ಸರ್, ನಡು ನಡುವೆ ಎಲ್ಲಾ ಕೌಂಟರಿನ್ಯಾಗೂ ಒಮ್ಮೆಗೇ ನಿಂತು ಬಿಡ್ತೈತ್ರಿ. ಸ್ವಲ್ಪ ಹೊತ್ತು ಬಿಟ್ಟು ತಾನ ಬರ್ತೈತಿ. ಮಂದಿ ಪಾಳಿ ಹಚ್ಚಿ ನಿಂತು ನಮ್ಮನ್ನ ಬೈತಾರ್ರಿ." ನಮ್ಮ ಹುಡುಗ ಟಿವಿ ನೋಡಿ, "ಇಲ್ಲೆ ಎಲ್ಲಾ ಹಸಿರೇ ಐತ್ರಿ ಮೇಡಂ" ಅಂದ. ಲೈನ್ ಕೊಟ್ಟ ಕಂಪನಿಯವರೂ ಲೈನ್ ಸರಿ ಇದೆ ಅಂದರು. ಮೂರು ಮಂದಿ, ಮೂವರದೂ ನಿಜ!

ಇದು ಹೇಗೆ ಅಂತ ತಿಳಿಯಬೇಕಾದರೆ ಮಾನಿಟರಿಂಗ್ ಒಳಗೆ ಏನು ನಡೆಯುತ್ತದೆ ಅಂತ ನೋಡಬೇಕು. ನಮ್ಮ ಸರ್ವರ್ 5 ನಿಮಿಷಕ್ಕೊಮ್ಮೆ ಪ್ರತಿ ಸಾಧನವನ್ನು ವಿಚಾರಿಸುತ್ತದೆ. ಕೆಲವನ್ನು ಬರೀ ಪಿಂಗ್‌ನಿಂದ, ಅಂದರೆ "ಇದ್ದೀಯಾ?" ಅಂತ ಕೂಗಿ ಉತ್ತರ ಬರುತ್ತಾ ಅಂತ ನೋಡೋದು. ಕೆಲವನ್ನು ಎಸ್‌ಎನ್‌ಎಂಪಿ ಮೂಲಕ, ಅದು ಸಾಧನದ ಒಳಗಿನ ಸ್ಥಿತಿಗತಿ ವಿಚಾರಿಸುವ ಪ್ರಮಾಣಿತ ಭಾಷೆ. ಎಸ್‌ಎನ್‌ಎಂಪಿ 1988ರಷ್ಟು ಹಳೆಯದು, ಆದರೂ ಇವತ್ತಿಗೂ ಅದನ್ನು ಬಿಟ್ಟು ನಡೆಯೋದಿಲ್ಲ. ಸಾಧನದೊಳಗಿನ ಪ್ರತಿ ಸಂಗತಿಗೂ ಚುಕ್ಕಿ ಹಾಕಿದ ಒಂದು ಉದ್ದನೆಯ ನಂಬರ್ ಇರುತ್ತದೆ. ಸರ್ವರ್ ಆ ನಂಬರ್ ಹೇಳಿ ಯುಡಿಪಿ 161ನೇ ಪೋರ್ಟ್‌ನಲ್ಲಿ (ಈ ಪ್ರಶ್ನೆಗಳಿಗೆಂದೇ ಇಟ್ಟ ಬಾಗಿಲ ನಂಬರ್ ಅನ್ನಿ) ಕೇಳುತ್ತದೆ, ಸಾಧನ ಅದರ ಈಗಿನ ಲೆಕ್ಕ ಹೇಳುತ್ತದೆ. ಒಂದು ಸಲ ಉತ್ತರ ಬರಲಿಲ್ಲ ಅಂತ ತಕ್ಷಣ ಕೆಂಪು ಮಾಡುವ ಹಾಗೂ ಇಲ್ಲ. ಹಳ್ಳಿ ಕಡೆ ಲೈನ್‌ಗಳಲ್ಲಿ ಒಂದೆರಡು ಉತ್ತರ ಕಳೆದುಹೋಗೋದು ಮಾಮೂಲು. ಅದಕ್ಕೇ ಸತತ 3 ಸಲ ತಪ್ಪಿದರೆ ಮಾತ್ರ ಕೆಂಪು ಅಂತ ಇಟ್ಟಿದ್ದರು. ಇದನ್ನು ನಾನು ತಪ್ಪು ಅನ್ನುವುದಿಲ್ಲ. ರಾತ್ರಿಯೆಲ್ಲ ಸುಮ್ನೆ ಫೋನ್ ಗುಂಯ್‌ಗುಟ್ಟಿದರೆ ಯಾರೇ ಆದರೂ ಅದನ್ನು ಸೈಲೆಂಟ್‌ಗೆ ಹಾಕಿ ಮಲಗುತ್ತಾರೆ, ಆಮೇಲೆ ನಿಜವಾದ ಅಲಾರಾಂ ಬಂದರೂ ಏಳುವುದಿಲ್ಲ. ಆದರೆ ಲೆಕ್ಕ ಹಾಕಿ: ಹತ್ತು ನಿಮಿಷದೊಳಗೆ ಹೋಗಿ ಬರುವ ಯಾವುದೂ ಈ ಮ್ಯಾಪ್‌ನಲ್ಲಿ ಕೆಂಪಾಗೋದೇ ಇಲ್ಲ.

ಹಾಗಾದರೆ ಏನು ಕೇಳಬೇಕು? "ಇದ್ದೀಯಾ?" ಅಂತ ಕೇಳುವ ಬದಲು "ಎಷ್ಟು ಹೊತ್ತಿನಿಂದ ಇದ್ದೀಯಾ?" ಅಂತ ಕೇಳಬೇಕು. 1.3.6.1.2.1.1.3.0 ಅನ್ನೋ ನಂಬರ್ ಅದಕ್ಕೇ ಇರೋದು, ಹೆಸರು ಸಿಸ್‌ಅಪ್‌ಟೈಮ್. ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಅದು ಏರುತ್ತಾ ಹೋಗುತ್ತದೆ, ಸಾಧನ ಆಫ್ ಆಗಿ ಆನ್ ಆದರೆ ಮತ್ತೆ ಸೊನ್ನೆಯಿಂದ ಶುರು. ನವಲಗುಂದದ ರೂಟರ್‌ದು (ಶಾಖೆಯನ್ನು ಹೊರಗಿನ ಲೈನ್‌ಗೆ ಜೋಡಿಸುವ ಪೆಟ್ಟಿಗೆ) ತೆಗೆದು ನೋಡಿದರೆ ನೆಟ್ಟಗೆ ಏರಿಕೊಂಡು ಹೋಗಿತ್ತು. ಸ್ವಿಚ್‌ದು (ಶಾಖೆಯ ಕಂಪ್ಯೂಟರ್‌ಗಳನ್ನೆಲ್ಲ ರೂಟರ್‌ಗೆ ಸೇರಿಸುವ ಪೆಟ್ಟಿಗೆ) ನೋಡಿದರೆ ಗರಗಸದ ಹಲ್ಲು. ಏರಿತು, ಬಿತ್ತು, ಏರಿತು, ಬಿತ್ತು. ಲೈನ್ ಕಂಪನಿಯವರು ನೋಡೋದು ರೂಟರ್ ತನಕ ಮಾತ್ರ. ಅವರು ಸುಳ್ಳು ಹೇಳಿರಲಿಲ್ಲ. ಸ್ವಿಚ್ ಎರಡು ಮೂರು ನಿಮಿಷದಲ್ಲಿ ಮತ್ತೆ ಎದ್ದು ಕೂರುತ್ತಿತ್ತು, ಹಾಗಾಗಿ ಟಿವಿಯೂ ಹಸಿರು.

ಈಗ ಅಪ್‌ಟೈಮ್ 10 ನಿಮಿಷಕ್ಕಿಂತ ಕಡಿಮೆ ಕಂಡರೆ ಮೆಸೇಜ್ ಬರುವಂತೆ ಮಾಡಿದ್ದೇವೆ. ಒಂದು ಮಾತು: ಈ ಎಣಿಕೆ 32 ಬಿಟ್‌ದು. ಸುಮಾರು 497 ದಿನಕ್ಕೆ ತುಂಬಿ, ರೀಸ್ಟಾರ್ಟ್ ಆಗದೇನೇ ಸೊನ್ನೆಗೆ ಬರುತ್ತದೆ. ನಮ್ಮ ಶಾಖೆಗಳಲ್ಲಿ ಯಾವುದಾದರೂ ಸ್ವಿಚ್ 497 ದಿನ ಆಫ್ ಆಗದೆ ಉಳಿದರೆ ಆ ಸುಳ್ಳು ಅಲಾರಾಂಗೆ ನಾನೇ ಪೇಢಾ ಹಂಚುತ್ತೇನೆ.

ಸ್ವಿಚ್ ತಾನಾಗಿಯೇ ಹೇಳಬೇಕಿತ್ತಲ್ವಾ ಅಂತ ನಮ್ಮ ಹುಡುಗ ಕೇಳಿದ. ಒಳ್ಳೇ ಪ್ರಶ್ನೆ. ಸರ್ವರ್ ಕೇಳುವ ತನಕ ಕಾಯದೆ ಸಾಧನವೇ ಕಳಿಸುವ ಸುದ್ದಿಗೆ ಟ್ರಾಪ್ ಅಂತಾರೆ, ಅದು 162ನೇ ಪೋರ್ಟ್‌ಗೆ ಬರುತ್ತದೆ. ಆನ್ ಆದ ಕೂಡಲೇ ಸ್ವಿಚ್ ಒಂದು ಕೋಲ್ಡ್ ಸ್ಟಾರ್ಟ್ ಟ್ರಾಪ್ ಕಳಿಸುತ್ತದೆ. ಆದರೆ ಆಗ ಸ್ವಿಚ್‌ನಲ್ಲಿ ರೂಟರ್ ಕೇಬಲ್ ಕೂರುವ ಪೋರ್ಟ್ ಇನ್ನೂ ತೆರೆದಿರೋದಿಲ್ಲ, ಹಳೇ ಸ್ಪ್ಯಾನಿಂಗ್ ಟ್ರೀ (ಡೇಟಾ ಸುತ್ತು ಹೊಡೆಯದಂತೆ ಕಾಯುವ ವ್ಯವಸ್ಥೆ) ಇದ್ದರೆ 30 ಸೆಕೆಂಡು ತಡೆದೇ ಬಿಡೋದು. ಟ್ರಾಪ್‌ಗೆ ಸ್ವೀಕೃತಿ ಇಲ್ಲ. ತಲುಪಿತೋ ಇಲ್ಲವೋ ಕಳಿಸಿದವನಿಗೆ ತಿಳಿಯೋದಿಲ್ಲ, ಮತ್ತೆ ಕಳಿಸೋದೂ ಇಲ್ಲ. ಸ್ವೀಕೃತಿ ಬೇಕಾದರೆ ಎಸ್‌ಎನ್‌ಎಂಪಿಯ ಎರಡನೇ ಆವೃತ್ತಿಯಲ್ಲಿ ಬಂದ ಇನ್‌ಫಾರ್ಮ್ ಹಾಕಬೇಕು.

ಉಳಿದದ್ದು ಸಿಸ್‌ಲಾಗ್, ಅಂದರೆ ಸಾಧನಗಳು ನಡೆದದ್ದನ್ನು ಸಾಲು ಸಾಲಾಗಿ ಬರೆದು ಸರ್ವರ್‌ಗೆ ಕಳಿಸುವ ದಿನಚರಿ. ಇಲ್ಲಿ ಮಜಾ ಇದೆ. ತಕರಾರು ಬಂದ ದಿನದ ಲಾಗ್ ಹುಡುಕಿದರೆ ಸ್ವಿಚ್ ರೀಸ್ಟಾರ್ಟ್ ಆದ ಸುಳಿವೇ ಇಲ್ಲ. ಆಮೇಲೆ ಸಮಯದ ಫಿಲ್ಟರ್ ತೆಗೆದು ಬರೀ ಸ್ವಿಚ್‌ನ ಐಪಿ ಹಾಕಿ ಹುಡುಕಿದಾಗ ಮಾರ್ಚ್ 1ನೇ ತಾರೀಖಿನ ಕೆಳಗೆ ಒಂದು ರಾಶಿ ಸಾಲುಗಳು ಸಿಕ್ಕವು. ಎಲ್ಲಾ ನಡುರಾತ್ರಿ 12 ದಾಟಿ ಒಂದೆರಡು ನಿಮಿಷಕ್ಕೆ. ಸಮಯದ ಮುಂದೆ ಒಂದೊಂದು ನಕ್ಷತ್ರದ ಗುರುತು.

ಸಿಸ್ಕೋ ಕಂಪನಿಯ ಇಂಥ ಸ್ವಿಚ್‌ಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ಕರೆಂಟ್ ಹೋಗಿ ಬಂದರೆ ಅವು 1993ರ ಮಾರ್ಚ್ 1ರಿಂದ ಎಣಿಸಲು ಶುರು ಮಾಡುತ್ತವೆ. ನಕ್ಷತ್ರ ಇದ್ದರೆ "ಈ ಸಮಯವನ್ನು ನಂಬಬೇಡಿ" ಅಂತ ಸ್ವಿಚ್ಚೇ ಹೇಳುತ್ತಿದೆ ಅಂತ ಅರ್ಥ. ಎನ್‌ಟಿಪಿ ಸರ್ವರ್ (ನೆಟ್‌ವರ್ಕ್ ಮೇಲೆ ಸರಿಯಾದ ಸಮಯ ಹೇಳುವ ಸರ್ವರ್) ಸಿಕ್ಕು ಗಡಿಯಾರ ಸರಿಯಾಗಲು ಕೆಲವು ನಿಮಿಷ ಬೇಕು, ಅಷ್ಟರಲ್ಲಿ ಬಂದ ಸಾಲುಗಳೆಲ್ಲ ಮಾರ್ಚ್‌ಗೆ ಹೋಗಿ ಬೀಳುತ್ತವೆ. ಹಳೇ ಸಿಸ್‌ಲಾಗ್ ರೂಪದಲ್ಲಿ ವರ್ಷವೂ ಇರೋದಿಲ್ಲ, ಟೈಮ್ ಝೋನ್ ಕೂಡ ಇರೋದಿಲ್ಲ. ಹಾಗಾಗಿ ನಮ್ಮ ಸರ್ವರ್ ಅದನ್ನು ಈ ವರ್ಷದ ಮಾರ್ಚ್ ಅಂದುಕೊಂಡಿತ್ತು. ಜೂನ್ ತಿಂಗಳ ತಕರಾರಿಗೆ ಮಾರ್ಚ್‌ನಲ್ಲಿ ಯಾರು ಹುಡುಕುತ್ತಾರೆ ಹೇಳಿ? ನನ್ನ ಪ್ರಕಾರ ಲಾಗ್ ಸರ್ವರ್‌ನಲ್ಲಿ ಸಾಧನ ಹೇಳಿದ ಸಮಯ, ಸರ್ವರ್‌ಗೆ ಬಂದು ಮುಟ್ಟಿದ ಸಮಯ ಎರಡನ್ನೂ ಬರೆಸಲೇಬೇಕು. ಲಾಗ್ ಕೂಡಿಡುವ ಆರ್‌ಸಿಸ್‌ಲಾಗ್ ಅನ್ನೋ ತಂತ್ರಾಂಶದಲ್ಲಿ ಇದು ಒಂದು ಸಾಲಿನ ಕೆಲಸ. ಎರಡರ ನಡುವೆ ಸರಿಯಾಗಿ ಐದೂವರೆ ಗಂಟೆ ಅಂತರ ಕಂಡರೆ ಆ ಸಾಧನಕ್ಕೆ ಭಾರತದ ಟೈಮ್ ಝೋನ್ ಹಾಕಿಲ್ಲ ಅಂತಲೂ ಅಲ್ಲೇ ತಿಳಿಯುತ್ತದೆ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ಆದೇಶದಲ್ಲಿ ಲಾಗ್‌ಗಳನ್ನು 180 ದಿನ ಇಡಬೇಕು, ಗಡಿಯಾರಗಳನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಅನ್ನೋ ಸರ್ಕಾರಿ ಸಂಸ್ಥೆಗಳ ಎನ್‌ಟಿಪಿಗೆ ಹೊಂದಿಸಬೇಕು ಅಂತ ಇದೆ. ಆಡಿಟ್‌ನವರು 180 ದಿನದ ಬಗ್ಗೆ ಕೇಳುತ್ತಾರೆ, ಗಡಿಯಾರದ ಬಗ್ಗೆ ಕೇಳಿದವರನ್ನು ನಾನು ನೋಡಿಲ್ಲ.

ಆ ಸಾಲುಗಳಲ್ಲಿ ಇನ್ನೊಂದು ಸಂಗತಿ ಇತ್ತು. ಪ್ರತಿ ಸಿಸ್‌ಲಾಗ್ ಸಾಲೂ ಕೋನದ ಕಂಸದೊಳಗೆ ಒಂದು ಸಂಖ್ಯೆ ಹೊತ್ತು ಬರುತ್ತದೆ, ಉದಾಹರಣೆಗೆ <189>. 8ರಿಂದ ಭಾಗಿಸಿ. ಭಾಗಲಬ್ಧ 23, ಅಂದರೆ ಲೋಕಲ್7, ಸಿಸ್ಕೋದವರು ಮೊದಲೇ ಇಟ್ಟಿರುವ ವಿಭಾಗ. ಶೇಷ 5, ಅದು ತೀವ್ರತೆ. 0 ಅಂದರೆ ಎಲ್ಲಾ ಮುಗಿಯಿತು, 7 ಅಂದರೆ ಬರೀ ಡೀಬಗ್ ಹರಟೆ. ಹೊಸಬರು ಇದನ್ನು ಉಲ್ಟಾ ಓದುತ್ತಾರೆ, ದೊಡ್ಡ ಸಂಖ್ಯೆ ದೊಡ್ಡ ತೊಂದರೆ ಅಂತ.

ಉಲ್ಟಾ ಓದದಿದ್ದರೂ ಇನ್ನೊಂದು ಹಳ್ಳ ಇದೆ. ಈ ತೀವ್ರತೆ ಹಾಕುವವರು ಸಾಧನ ಮಾಡಿದ ಕಂಪನಿಯವರು, ಅವರಿಗೆ ನಿಮ್ಮ ಶಾಖೆ ಗೊತ್ತಿಲ್ಲ. ಸಂಜೆ ಕ್ಲರ್ಕ್ ಅಕ್ಕೋರು ಕಂಪ್ಯೂಟರ್ ಆಫ್ ಮಾಡಿ ಮನೆಗೆ ಹೊರಟರೆ ಸ್ವಿಚ್ "ಲಿಂಕ್-3-ಅಪ್‌ಡೌನ್" ಅಂತ ಬರೆಯುತ್ತದೆ. 3 ಅಂದರೆ ಎರರ್. ಇಡೀ ಸ್ವಿಚ್ ಸತ್ತು ಎದ್ದರೆ "ಸಿಸ್-5-ರೀಸ್ಟಾರ್ಟ್". 5 ಅಂದರೆ ಬರೀ ನೋಟಿಸ್. 4ರವರೆಗಿನದಕ್ಕೆ ಮಾತ್ರ ಮೇಲ್ ಬರಲಿ ಅಂತ ಇಟ್ಟರೆ ದಿನಾ ಸಂಜೆ ಕಸ ಬಂದು ತುಂಬುತ್ತದೆ, ಬೇಕಾದದ್ದು ಹೊರಗೇ ಉಳಿಯುತ್ತದೆ. ಅದಕ್ಕೇ ನಾವು ತೀವ್ರತೆಯನ್ನು ಬಿಟ್ಟು ಸಾಲಿನ ಹೆಸರಿನ ಮೇಲೆ ಅಲಾರಾಂ ಹಾಕಿದ್ದೇವೆ.

ನವಲಗುಂದಕ್ಕೆ ಹೋಗಿ ನೋಡಿದರೆ ಕಾರಣ ಸಣ್ಣದು. ಶಾಖೆಗೆ ಹೊಸ ಪಾಸ್‌ಬುಕ್ ಪ್ರಿಂಟರ್ ಬಂದಿತ್ತು. ಯುಪಿಎಸ್ ಬೋರ್ಡಿನಲ್ಲಿ ಜಾಗ ಇರಲಿಲ್ಲ. ಯಾರೋ ಸ್ವಿಚ್‌ನ ಪ್ಲಗ್ ತೆಗೆದು ಗೋಡೆಯ ಸಾಕೆಟ್‌ಗೆ ಹಾಕಿ, ಆ ಜಾಗಕ್ಕೆ ಪ್ರಿಂಟರ್ ಕೂರಿಸಿದ್ದರು. ಕರೆಂಟ್ ಹೋಗಿ ಜನರೇಟರ್ ಶುರುವಾಗುವಷ್ಟರಲ್ಲಿ ಸ್ವಿಚ್ ಆಫ್. ಕಂಪ್ಯೂಟರ್‌ಗಳು, ರೂಟರ್ ಎಲ್ಲಾ ಯುಪಿಎಸ್ ಮೇಲೆ ಆರಾಮಾಗಿ ಇರುತ್ತಿದ್ದವು. ಪ್ರಿಂಟರ್‌ಗೆ ಬೇರೆ ಬೋರ್ಡ್ ಹಾಕಿಸಿದೆವು. ಅಟೆಂಡರ್ ಅಣ್ಣಾರು "ಇಷ್ಟಕ್ಕ ಹುಬ್ಬಳ್ಳಿಂದ ಬಂದ್ರೇನ್ರಿ ಸರ್?" ಅಂತ ಕೇಳಿ ಚಹಾ ತರಿಸಿದರು.

ಇನ್ನೆರಡು ಸಂಗತಿ ಬೇಗ ಹೇಳಿಬಿಡುತ್ತೇನೆ. ಟ್ರಾಫಿಕ್ ಗ್ರಾಫ್‌ಗೆ 32 ಬಿಟ್ ಕೌಂಟರ್ ಹಾಕಬೇಡಿ. ಒಂದು ಗಿಗಾಬಿಟ್ ಲಿಂಕ್ ತುಂಬಿ ಹರಿದರೆ ಅದು 34 ಸೆಕೆಂಡಿಗೆ ಸೊನ್ನೆಗೆ ಬರುತ್ತದೆ, 5 ನಿಮಿಷಕ್ಕೊಮ್ಮೆ ಕೇಳುವವರಿಗೆ ಸಿಗೋದು ಸುಳ್ಳು ಲೆಕ್ಕ. 64 ಬಿಟ್‌ನದು ಬೇಕು, ಅದು ಒಂದನೇ ಆವೃತ್ತಿಯ ಎಸ್‌ಎನ್‌ಎಂಪಿಯಲ್ಲಿ ಸಿಗೋದಿಲ್ಲ. ಇನ್ನೊಂದು, ಎಸ್‌ಎನ್‌ಎಂಪಿಗೆ ಬಹಳ ಕಡೆ ಮೊದಲೇ ಇಟ್ಟಿರುವ "ಪಬ್ಲಿಕ್" ಅನ್ನೋ ಪಾಸ್‌ವರ್ಡ್. ಒಂದು, ಎರಡನೇ ಆವೃತ್ತಿಗಳಲ್ಲಿ ಏನೇ ಹೆಸರು ಇಟ್ಟರೂ ಅದು ತೆರೆದ ಪತ್ರದ ಹಾಗೆ ಲೈನ್ ಮೇಲೆ ಹೋಗುತ್ತದೆ. 2002ರಿಂದಲೇ ಮೂರನೇ ಆವೃತ್ತಿಯ ಪ್ರಮಾಣಿತ ರೂಪ ಇದೆ, ಗುರುತು ಪರೀಕ್ಷೆ, ಗೂಢಲಿಪಿ ಎರಡೂ ಇವೆ. ಹಾಕಿಕೊಳ್ಳೋದಕ್ಕೆ ಸ್ವಲ್ಪ ರಗಳೆ, ಆದರೆ ಹಣಕಾಸಿನ ಜಾಗದಲ್ಲಿ ಆ ರಗಳೆ ತಪ್ಪಿಸಿಕೊಳ್ಳುವ ಹಾಗಿಲ್ಲ.

ಈಗ ಹೊಸ ಶಾಖೆಗೆ ಸ್ವಿಚ್ ಕೂರಿಸಿದ ದಿನ ನಮ್ಮವರಿಗೆ ಒಂದು ಕೆಲಸ ಕೊಡುತ್ತೇನೆ. ವ್ಯವಹಾರ ಮುಗಿದ ಮೇಲೆ, ಮ್ಯಾನೇಜರ್‌ಗೆ ಹೇಳಿ, ಸ್ವಿಚ್‌ನ ಪ್ಲಗ್ ಕಿತ್ತು ಎರಡು ನಿಮಿಷ ಬಿಟ್ಟು ಹಾಕಿ. ಆಮೇಲೆ ಹುಬ್ಬಳ್ಳಿಗೆ ಫೋನ್ ಮಾಡಿ ಇಲ್ಲಿ ಏನೇನು ಬಂತು ಅಂತ ಕೇಳಿ: ಟ್ರಾಪ್ ಬಂತಾ, ಅಪ್‌ಟೈಮ್ ಮೆಸೇಜ್ ಬಂತಾ, ಲಾಗ್ ಯಾವ ತಾರೀಖಿನ ಕೆಳಗೆ ಕೂತಿದೆ. ಮೂರರಲ್ಲಿ ಒಂದಾದರೂ ಬರದೇ ಇರೋದೇ ಜಾಸ್ತಿ. ಯಾವುದು ಬರಲಿಲ್ಲವೋ ಅದನ್ನು ಸರಿ ಮಾಡಿಯೇ ಅಲ್ಲಿಂದ ಬಸ್ ಹತ್ತಬೇಕು.